ನುಸಿಯನ್ನು ತಿನ್ನೋ ನುಸಿ: ಕೆರೆಬಿಳಚಿಯ ಒಂದು ಅಡಿಕೆ ತೋಟದಿಂದ

ಯುಗಾದಿ ರಜೆಗೆ ನಾವು ನಾಲ್ಕು ಜನ ನಮ್ಮ ಕ್ಲಾಸ್‌ಮೇಟ್ ಒಬ್ಬನ ಊರಿಗೆ ಹೋಗಿದ್ವಿ. ಊರು ಕೆರೆಬಿಳಚಿ, ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು. ಪ್ಲಾನ್ ಸಿಂಪಲ್ ಆಗಿತ್ತು: ಹೋಳಿಗೆ ತಿನ್ನೋದು, ಸೂಳೆಕೆರೆ ಏರಿ ಮೇಲೆ ನಿಂತು ಫೋಟೋ ತೆಗೆಯೋದು, ಎರಡು ದಿನ ಚೆನ್ನಾಗಿ ನಿದ್ದೆ ಮಾಡಿ ವಾಪಸ್ ಬರೋದು. ಮೊದಲನೇ ದಿನ ಸಂಜೆ ಅವನ ದೊಡ್ಡಪ್ಪ ನಮ್ಮನ್ನ ತೋಟ ತೋರಿಸೋಕೆ ಕರ್ಕೊಂಡು ಹೋದ್ರು. ಮೂರು ವರ್ಷದ ಅಡಿಕೆ ಗಿಡಗಳು, ನಡುನಡುವೆ ಬಾಳೆ. ರಸ್ತೆಯಿಂದ ನೋಡಿದ್ರೆ ಹಸಿರಾಗೇ ಕಾಣ್ತಿತ್ತು. ಹತ್ತಿರ ಹೋದಾಗ ಕೆಳಗಿನ ಸೋಗೆಗಳೆಲ್ಲಾ ಹಳದಿ, ಕೆಲವು ಕಂಚಿನ ಬಣ್ಣ, ತುದಿಗಳು ಒಣಗಿ ಸುಟ್ಟ ಹಾಗಿದ್ವು.

“ನೋಡ್ರಪ್ಪ, ಇಂಜಿನಿಯರಿಂಗ್ ಓದೋರು ನೀವು. ಮೂರು ಸಲ ಔಷಧಿ ಹೊಡ್ದೆ. ಹೊಡ್ದಂಗೆಲ್ಲಾ ಜಾಸ್ತಿ ಆಗ್ತೈತೆ. ಇದ್ಯಾವ ಲೆಕ್ಕ ಅಂತ ನೀವಾದ್ರೂ ಹೇಳ್ರಿ” ಅಂದ್ರು ದೊಡ್ಡಪ್ಪ. ನಾಲ್ಕನೇ ಸಲಕ್ಕೆ ಅಂತ ಗೊಬ್ಬರದಂಗಡಿಯಿಂದ ತಂದ ಬಾಟಲಿ ಆಗಲೇ ಪಂಪ್‌ಹೌಸಿನ ಕಿಟಕಿಯಲ್ಲಿ ಕೂತಿತ್ತು. ಮೂರು ವರ್ಷ ನೀರು, ಗೊಬ್ಬರ, ಕೂಲಿ ಅಂತ ಬರೀ ಖರ್ಚು, ಅಡಿಕೆ ಇನ್ನೂ ಒಂದು ಗೊನೆಯೂ ಬಿಟ್ಟಿಲ್ಲ. ಈ ವಯಸ್ಸಲ್ಲಿ ಗಿಡ ಸೊರಗಿದ್ರೆ ಫಸಲು ಇನ್ನಷ್ಟು ಹಿಂದಕ್ಕೆ ಹೋಗುತ್ತೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ನಮ್ಮಲ್ಲಿ ಇಬ್ಬರು ಕಂಪ್ಯೂಟರ್ ಸೈನ್ಸ್, ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಬಯಾಲಜಿ ಅನ್ನೋದನ್ನ ಸಿಇಟಿ ಬರೆದ ದಿನವೇ ಮರೆತವರು. ಆದ್ರೆ “ಹೊಡೆದಷ್ಟೂ ಜಾಸ್ತಿ” ಅನ್ನೋ ಮಾತು ಮಾತ್ರ ಎಲ್ಲೋ ಕೇಳಿದ ಹಾಗಿತ್ತು. ಚೆನ್ನಾಗಿ ನಡೀತಿರೋ ಸಿಸ್ಟಮ್‌ನಲ್ಲಿ ಫೀಡ್‌ಬ್ಯಾಕ್ ತಂತಿಯನ್ನೇ ಕಿತ್ತು ಹಾಕಿದ್ರೆ ಔಟ್‌ಪುಟ್ ಹೇಗೆ ಓಡಿ ಹೋಗುತ್ತೆ ಅಂತ ಕಂಟ್ರೋಲ್ ಸಿಸ್ಟಮ್ಸ್ ಪೀರಿಯಡ್‌ನಲ್ಲಿ ಹೇಳ್ತಾರಲ್ಲ, ಅದೇ ವಾಸನೆ. ಆಮೇಲಿನ ಎರಡು ತಿಂಗಳು ನಾವು ಇದರ ಹಿಂದೆ ಬಿದ್ವಿ. ಓದಿದ್ದು, ನೋಡಿದ್ದು, ಲೆಕ್ಕ ಹಾಕಿದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದೀವಿ. ಕನ್ನಡದಲ್ಲಿ ಹೆಚ್ಚುಕಮ್ಮಿ ಆದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ, ನಾವೆಲ್ಲ ಇಂಗ್ಲಿಷ್ ಮೀಡಿಯಂ ಗಿರಾಕಿಗಳು.

ಎಲೆ ತಿರುಗಿಸಿ ನೋಡಿ

ಎಲೆಕ್ಟ್ರಾನಿಕ್ಸ್ ಗೆಳೆಯನ ಬ್ಯಾಗಲ್ಲಿ ಮೊಬೈಲ್ ಕ್ಯಾಮೆರಾಗೆ ಸಿಕ್ಕಿಸೋ ಒಂದು ಪುಟ್ಟ ಮ್ಯಾಕ್ರೋ ಲೆನ್ಸ್ ಇತ್ತು. ಅವನು ಅದನ್ನ ಇಟ್ಕೊಂಡಿರೋದು ಸೋಲ್ಡರಿಂಗ್ ಸರಿ ಕೂತಿದೆಯಾ ಅಂತ ನೋಡೋಕೆ. ಹಳದಿ ಸೋಗೆಯ ಒಂದು ಎಲೆ ಕಿತ್ತು, ತಿರುಗಿಸಿ, ಅಡಿ ಭಾಗಕ್ಕೆ ಲೆನ್ಸ್ ಹಿಡಿದ್ವಿ. ಬರಿಗಣ್ಣಿಗೆ ಕೆಂಪು ಧೂಳು ಅನ್ನಿಸಿದ್ದು ಸ್ಕ್ರೀನ್ ಮೇಲೆ ನಿಧಾನಕ್ಕೆ ನಡೀತಿತ್ತು. ಕೆಂಪು ಮೈ, ಬೆನ್ನ ಮೇಲೆ ನೆಟ್ಟಗೆ ನಿಂತ ಕೂದಲು, ಪ್ರತಿ ಕೂದಲ ತುದಿಯಲ್ಲಿ ಒಂದು ಸಣ್ಣ ಹನಿ. ಪಕ್ಕದಲ್ಲಿ ಬಿಟ್ಟು ಹೋದ ಬಿಳೀ ಪೊರೆಗಳ ರಾಶಿ.

ಇದು ಕೆಂಪು ನುಸಿ. ವಿಜ್ಞಾನದ ಹೆಸರು ರಾವೊಯೆಲ್ಲಾ ಇಂಡಿಕಾ. 1924ರಲ್ಲಿ ಹರ್ಸ್ಟ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದ್ದು ಕೊಯಮತ್ತೂರಿನ ತೆಂಗಿನ ಗರಿಯಿಂದ ಸಿಕ್ಕ ಮಾದರಿ ಇಟ್ಕೊಂಡು. ಅಂದ್ರೆ ಇದು ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಕಡೆಯದೇ. ಅಡಿಕೆಗೆ ಇದರ ಜೊತೆ ಇನ್ನೊಂದು ಬಿಳಿ ನುಸಿಯೂ ಬರುತ್ತೆ, ಆಲಿಗೋನಿಕಸ್ ಇಂಡಿಕಸ್ ಅಂತ. ಅದು ತೆಳ್ಳಗೆ ಬಲೆ ಕಟ್ಟುತ್ತೆ, ಕೆಂಪು ನುಸಿ ಕಟ್ಟಲ್ಲ. ಎರಡೂ ಬೇಸಿಗೆಯ ಗಿರಾಕಿಗಳು, ಎಳೇ ಗಿಡಗಳ ಮೇಲೆ ಪ್ರೀತಿ ಜಾಸ್ತಿ.

“ನುಸಿ” ಅನ್ನೋ ಪದದ ಬಗ್ಗೆ ಒಂದು ಮಾತು. ಒಂದೊಂದು ಊರಲ್ಲಿ ಒಂದೊಂದು ಅರ್ಥ ಇದಕ್ಕೆ. ನಮ್ಮಲ್ಲಿ ಒಬ್ಬನ ಮನೇಲಿ ಬೇಳೆ ಡಬ್ಬಿಯಲ್ಲಿ ಆಗೋ ಹುಳಕ್ಕೂ ನುಸಿ ಅಂತಾರೆ. ಇಲ್ಲಿ ನಾವು ಹೇಳ್ತಿರೋದು ಎಂಟು ಕಾಲಿನ ನುಸಿ. ಇದು ಕೀಟವೇ ಅಲ್ಲ, ಜೇಡ ಮತ್ತು ಚೇಳಿನ ಬಳಗ. ಇದು ಬರೀ ಕ್ವಿಜ್ ಪಾಯಿಂಟ್ ಅಲ್ಲ. ಕೀಟನಾಶಕ ಅಂತ ಅಂಗಡಿಯಲ್ಲಿ ಕೊಡೋ ಎಷ್ಟೋ ಔಷಧಿ ಕೀಟಗಳಿಗೆ ಅಂತ ಮಾಡಿದ್ದು, ಅದು ನುಸಿಗೆ ಅಷ್ಟಾಗಿ ತಾಗೋದಿಲ್ಲ. ನುಸಿಗೆ ಬೇರೆಯೇ ನುಸಿನಾಶಕಗಳಿವೆ. ಸೋಗೆ ಹಳದಿ ಆಗೋಕೆ ಬೇರೆ ಕಾರಣಗಳೂ ಇರಬಹುದು: ನೀರು ಕಡಿಮೆ, ನೀರು ನಿಂತದ್ದು, ಪೋಷಕಾಂಶದ ಕೊರತೆ, ಮಲೆನಾಡಿನ ಕಡೆ ಹೆದರಿಸ್ತಿರೋ ಹಳದಿ ಎಲೆ ರೋಗ. ಎಲೆ ತಿರುಗಿಸಿ ನೋಡದೆ ಇವುಗಳಲ್ಲಿ ಯಾವುದು ಅಂತ ಹೇಳೋಕೆ ಆಗಲ್ಲ. ದೊಡ್ಡಪ್ಪ ಮೂರು ಸಲ ಹೊಡೆದದ್ದು ಎಲೆ ತಿರುಗಿಸದೇ. ಅಂಗಡಿಯಲ್ಲಿ “ಹಳದಿ ಆಗ್ತಿದೆ” ಅಂದ್ರಂತೆ, ಅವರು ಪೈರೆಥ್ರಾಯ್ಡ್ ಗುಂಪಿನ ಒಂದು ಕೀಟನಾಶಕ ಕೊಟ್ಟರಂತೆ.

ನುಸಿ ಮಾಡೋ ಕೆಲಸ ಸಣ್ಣದು, ಆದ್ರೆ ಲಕ್ಷಾಂತರ ಸಲ. ಸೂಜಿಯಂಥ ಬಾಯಿಯನ್ನು ಎಲೆಯೊಳಗೆ ಚುಚ್ಚಿ ಜೀವಕೋಶದ ರಸ ಹೀರುತ್ತೆ. ಕೆಂಪು ನುಸಿ ಇನ್ನೂ ಜಾಣ, ಎಲೆ ಉಸಿರಾಡೋ ಪತ್ರರಂಧ್ರದ ಮೂಲಕವೇ ಸೂಜಿ ಇಳಿಸುತ್ತೆ. ಗೋಡೆ ಒಡೆಯೋದು ಯಾಕೆ, ಬಾಗಿಲು ತೆರೆದಿರುವಾಗ ಅಂತ. ಬೇಸಿಗೆಯ ಬಿಸಿಗೆ ಇವುಗಳ ತಲೆಮಾರು ಬೇಗ ಬೇಗ ಬದಲಾಗುತ್ತೆ, ಒಣ ಗಾಳಿ ಇಷ್ಟ, ಮಳೆ ಬಂದ್ರೆ ತೊಳೆದು ಹೋಗುತ್ತೆ. ತರಕಾರಿ, ಗುಲಾಬಿ ಎಲ್ಲಾ ಕಡೆ ಕಾಟ ಕೊಡೋ ಜೇಡ ನುಸಿಯಲ್ಲಿ ಇನ್ನೊಂದು ವಿಚಿತ್ರ ಇದೆ: ಕೂಡದೇ ಇರೋ ಹೆಣ್ಣೂ ಮೊಟ್ಟೆ ಇಡುತ್ತೆ, ಅದರಿಂದ ಬರೀ ಗಂಡು ಹುಟ್ಟುತ್ತೆ. ಒಂದೇ ಒಂದು ಹೆಣ್ಣು ಗಾಳಿಯಲ್ಲಿ ತೇಲಿ ಬಂದು ಹೊಸ ಗಿಡದ ಮೇಲೆ ಬಿದ್ರೂ ಅಲ್ಲೊಂದು ವಂಶ ಶುರು ಆಗಬಹುದು.

ಓಡೋ ನುಸಿ

ಮರುದಿನ ಬೆಳಿಗ್ಗೆ ಮನೆ ಹಿಂದಿನ ಬಚ್ಚಲ ನೀರು ಹರಿಯೋ ಜಾಗದಲ್ಲಿದ್ದ ಐದಾರು ಅಡಿಕೆ ಗಿಡ ನೋಡಿದ್ವಿ. ಮನೆಗೆ ಹತ್ತಿರ, ಮಕ್ಕಳು ಓಡಾಡ್ತಾವೆ ಅಂತ ಅಲ್ಲಿ ಔಷಧಿ ಹೊಡೆದಿರಲಿಲ್ಲ. ಆ ಗಿಡಗಳಲ್ಲೂ ಕೆಂಪು ನುಸಿ ಇತ್ತು, ಆದ್ರೆ ಸೋಗೆ ಹಸಿರಾಗಿತ್ತು. ಲೆನ್ಸ್ ಹಿಡಿದು ಸ್ವಲ್ಪ ಹೊತ್ತು ಕಾದಾಗ ಸ್ಕ್ರೀನಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಏನೋ ಸರ್ರನೆ ಹೋಯ್ತು. ಹೊಳೆಯೋ ಮೈ, ನೀರಿನ ಹನಿಯ ಆಕಾರ, ಬಣ್ಣ ತೆಳು ಹಳದಿ. ಕೆಂಪು ನುಸಿಗಳು ಸಂತೆಯಲ್ಲಿ ಕೂತ ಹಾಗೆ ಕೂತಿದ್ರೆ ಇದು ಬಸ್ ತಪ್ಪಿಸಿಕೊಂಡವರ ಹಾಗೆ ಓಡ್ತಾನೇ ಇತ್ತು. ಒಂದು ಕಡೆ ನಿಂತಿತು. ಅದರ ಬಾಯಿ ಕೆಳಗೆ ಒಂದು ಕೆಂಪು ಮೊಟ್ಟೆ. ಸ್ವಲ್ಪ ಹೊತ್ತಿಗೆ ಮೊಟ್ಟೆ ಬರೀ ಸಿಪ್ಪೆ.

ನಾವು ನಾಲ್ಕೂ ಜನ ಕ್ರಿಕೆಟ್ ಮ್ಯಾಚ್ ನೋಡಿದ ಹಾಗೆ ಕಿರುಚಿದ್ವಿ. ದೊಡ್ಡಮ್ಮ ಹಾವೇನೋ ಬಂತು ಅಂತ ಓಡಿ ಬಂದ್ರು.

ಇದೇ ಬೇಟೆಗಾರ ನುಸಿ. ಪುಸ್ತಕದ ಕನ್ನಡದಲ್ಲಿ ಪರಭಕ್ಷಕ ನುಸಿ. ಇವು ಹೆಚ್ಚಾಗಿ ಫೈಟೊಸೀಡೆ ಅನ್ನೋ ಕುಟುಂಬಕ್ಕೆ ಸೇರಿದವು. ಭಾರತದಲ್ಲಿ ಜೇಡ ನುಸಿಗಳ ಜೊತೆ ಸಾಮಾನ್ಯವಾಗಿ ಸಿಗೋದು ನಿಯೋಸಿಯುಲಸ್ ಲಾಂಗಿಸ್ಪೈನೋಸಸ್. ಕೆಂಪು ನುಸಿಯ ಜೊತೆ ಹೆಸರು ಕೇಳಿಬರೋದು ಆಂಬ್ಲಿಸಿಯಸ್ ಲಾರ್ಗೊಯೆನ್ಸಿಸ್. ಜಾತಿ ಗುರುತಿಸೋಕೆ ಮೊಬೈಲ್ ಲೆನ್ಸ್ ಸಾಲದು. ಸ್ಲೈಡ್ ಮಾಡಿ, ಮೈಕ್ರೋಸ್ಕೋಪ್ ಅಡಿ ಇಟ್ಟು, ಬೆನ್ನಿನ ಕೂದಲಿನ ಉದ್ದ, ಜಾಗ ಎಲ್ಲಾ ನೋಡಬೇಕು. ಆದ್ರೆ ರೈತರಿಗೆ ಬೇಕಾದಷ್ಟು ಗುರುತು ಸುಲಭ: ಕೂತಿರೋದು ಪೀಡೆ, ಓಡೋದು ಬೇಟೆಗಾರ. ನೂರಕ್ಕೆ ನೂರು ಸರಿ ಅಲ್ಲ, ಆದ್ರೆ ತೋಟದಲ್ಲಿ ನಿಂತು ನೋಡೋಕೆ ಸಾಕು.

ಈ ಪ್ರಾಣಿಗೆ ಕಣ್ಣಿಲ್ಲ. ಮುಂದಿನ ಎರಡು ಕಾಲನ್ನ ಆಂಟೆನಾ ಥರ ಎತ್ತಿಕೊಂಡು ವಾಸನೆ, ಸ್ಪರ್ಶದಿಂದಲೇ ದಾರಿ ಹುಡುಕುತ್ತೆ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರಿಸ್ ಸಾಬೆಲಿಸ್, ಮಾರ್ಸೆಲ್ ಡಿಕ್ಕೆ ಮೊದಲಾದವರು ಡಬಲ್ ಬೀನ್ಸ್ ಜಾತಿಯ ಗಿಡಗಳ ಮೇಲೆ ಮಾಡಿದ ಕೆಲಸ ನಮಗೆ ತುಂಬಾ ಇಷ್ಟ ಆಯ್ತು. ಜೇಡ ನುಸಿ ಕಚ್ಚಿದ ಗಿಡ ಸುಮ್ಮನೆ ಕೂರೋದಿಲ್ಲ, ಒಂದು ಬೇರೆ ಥರದ ವಾಸನೆ ಬಿಡುತ್ತೆ. ಬೇಟೆಗಾರ ನುಸಿ ಆ ವಾಸನೆ ಹಿಡಿದು ಬರುತ್ತೆ. ಅಂದ್ರೆ ಗಿಡವೇ ಸಿಗ್ನಲ್ ಕಳಿಸುತ್ತೆ, ಸೆನ್ಸರ್ ಇರೋ ಬೇಟೆಗಾರ ಬಂದು ಕೆಲಸ ಮುಗಿಸುತ್ತೆ. ನಾವು ಮಿನಿ ಪ್ರಾಜೆಕ್ಟ್‌ಗೆ ಅಂತ ಮಾಡಿದ ಸ್ಮಾರ್ಟ್ ಇರಿಗೇಷನ್ ಮಾಡೆಲ್ ಇದರ ಮುಂದೆ ಏನೂ ಅಲ್ಲ. (ಅದು ಡೆಮೋ ದಿನವೂ ನಡೀಲಿಲ್ಲ, ಆ ಕಥೆ ಬೇರೆ.)

ಬೇಟೆಗಾರರಲ್ಲೂ ಎರಡು ಥರ. ಕೆಲವು ಜೇಡ ನುಸಿ ಬಿಟ್ಟು ಬೇರೇನೂ ಮುಟ್ಟಲ್ಲ. ಬೇಗ ಬೆಳೀತಾವೆ, ಬೇಗ ತಿಂದು ಮುಗಿಸ್ತಾವೆ, ಆಮೇಲೆ ಹಸಿವಿನಿಂದ ಸಾಯ್ತಾವೆ ಇಲ್ಲಾ ಜಾಗ ಬಿಡ್ತಾವೆ. ಇನ್ನು ಕೆಲವು ಪೀಡೆ ಇಲ್ಲದಾಗ ಹೂವಿನ ಪರಾಗ ತಿಂದುಕೊಂಡು ಕಾಯ್ತಾ ಇರ್ತಾವೆ. ಲಾರ್ಗೊಯೆನ್ಸಿಸ್ ಈ ಎರಡನೇ ಥರ. ನುಸಿ ಜೊತೆಗೆ ಅಡಿಕೆ ತೋಟದಲ್ಲಿ ಇನ್ನೊಬ್ಬ ಬೇಟೆಗಾರನೂ ಇದ್ದಾನೆ: ಸಾಸಿವೆಗಿಂತ ಸಣ್ಣ ಕಪ್ಪು ಗುಲಗಂಜಿ ಹುಳು, ಸ್ಟೆಥೋರಸ್ ಅಂತ. 1970ರ ದಶಕದಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದು ಅಡಿಕೆ ನುಸಿಯನ್ನು ತಿನ್ನೋದನ್ನ ಬರೆದಿಟ್ಟಿದ್ರು.

ಬಾಟಲಿಯಲ್ಲಿ ಬರೋ ಬೇಟೆಗಾರ

ದೊಡ್ಡಪ್ಪ ಲೆನ್ಸಲ್ಲಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನೇರ ಪ್ರಶ್ನೆ ಕೇಳಿದ್ರು: “ಇದನ್ನ ದುಡ್ಡು ಕೊಟ್ಟು ತಂದು ಬಿಡೋಕಾಗುತ್ತಾ?”

ಆಗುತ್ತೆ, ಪ್ರಪಂಚದ ಎಷ್ಟೋ ಕಡೆ ಹಾಗೇ ಮಾಡ್ತಾರೆ. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ ಫೈಟೊಸಿಯುಲಸ್ ಪರ್ಸಿಮಿಲಿಸ್ ಅನ್ನೋ ಬೇಟೆಗಾರ ನುಸಿ ಸಿಕ್ತು. ಯುರೋಪಿನ ಗಾಜಿನ ಮನೆಗಳಲ್ಲಿ ಆಗ ಜೇಡ ನುಸಿ ಔಷಧಿಗಳಿಗೆಲ್ಲಾ ಬಗ್ಗದ ಹಂತಕ್ಕೆ ಹೋಗಿತ್ತು. ನೆದರ್ಲೆಂಡ್ಸ್‌ನಲ್ಲಿ ಸೌತೆಕಾಯಿ ಬೆಳೀತಿದ್ದ ಯಾನ್ ಕೊಪ್ಪರ್ಟ್ ಈ ನುಸಿಯನ್ನು ಸಾಕಿ, ಮೊದಲು ತನಗೆ, ಆಮೇಲೆ ಬೇರೆಯವರಿಗೆ ಕೊಡೋಕೆ ಶುರು ಮಾಡಿದ. 1967ರಲ್ಲಿ ಶುರುವಾದ ಆ ಕಂಪನಿ ಈಗ ಈ ಕ್ಷೇತ್ರದ ದೊಡ್ಡ ಹೆಸರು. ಹೊಟ್ಟಿನ ಜೊತೆ ಬೆರೆಸಿದ ಜೀವಂತ ನುಸಿ ಬಾಟಲಿಯಲ್ಲಿ ಬರುತ್ತೆ, ಗಿಡದ ಮೇಲೆ ಉಪ್ಪು ಉದುರಿಸಿದ ಹಾಗೆ ಉದುರಿಸ್ತಾರೆ. ಹತ್ತು ಪೀಡೆಗೆ ಒಂದು ಬೇಟೆಗಾರ ಅನ್ನೋದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣೋ ಅಂದಾಜು. ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯೋ ಪಾಲಿಹೌಸ್‌ಗೆ ಇದು ಸರಿಹೊಂದುತ್ತೆ: ಗೋಡೆ ಇದೆ, ತೇವ ಕೈಯಲ್ಲಿದೆ, ಬೆಳೆಗೆ ಒಳ್ಳೇ ಬೆಲೆ ಇದೆ.

ಆದ್ರೆ ಚನ್ನಗಿರಿಯ ಏಪ್ರಿಲ್ ಬಿಸಿಲಲ್ಲಿ, ತೆರೆದ ತೋಟದಲ್ಲಿ? ಇಲ್ಲೊಂದು ತೊಡಕಿದೆ. ಬೇಟೆಗಾರ ನುಸಿಯ ಮೊಟ್ಟೆ ಒಣ ಗಾಳಿಗೆ ಸುಕ್ಕಿ ಹೋಗುತ್ತೆ, ಗಾಳಿಯಲ್ಲಿ ಶೇಕಡಾ 60ಕ್ಕಿಂತ ಕಡಿಮೆ ತೇವ ಇದ್ರೆ ಅನೇಕ ಜಾತಿಗಳಿಗೆ ಕಷ್ಟ. ಪೀಡೆ ನುಸಿಗೆ ಅದೇ ಒಣ ಹವೆ ಹಬ್ಬ. ಅಂದ್ರೆ ನಮಗೆ ಬೇಟೆಗಾರ ಯಾವಾಗ ಹೆಚ್ಚು ಬೇಕೋ ಆಗಲೇ ಅವನ ಕೈ ಸೋಲೋದು. ದುಡ್ಡು ಕೊಟ್ಟು ತಂದು ಇಂಥ ತೋಟಕ್ಕೆ ಬಿಡಿ ಅಂತ ಹೇಳೋಕೆ ನಮಗೆ ಧೈರ್ಯ ಬರಲಿಲ್ಲ.

ಹಾಗಂತ ತೆರೆದ ಹೊಲದಲ್ಲಿ ಇದು ನಡೆಯೋದೇ ಇಲ್ಲ ಅಂತಲ್ಲ. ಆಫ್ರಿಕಾದ ಮರಗೆಣಸಿನ ಕಥೆ ಕೇಳಿ. ದಕ್ಷಿಣ ಅಮೆರಿಕದ ಹಸಿರು ನುಸಿ 1970ರ ದಶಕದ ಶುರುವಲ್ಲಿ ಉಗಾಂಡಾದಲ್ಲಿ ಕಾಣಿಸಿಕೊಂಡು ಖಂಡದ ಅಗಲಕ್ಕೂ ಹರಡ್ತು. ಬಡವರ ಅನ್ನ ಅದು, ಔಷಧಿ ಹೊಡೆಯೋ ಶಕ್ತಿ ಇರೋರು ಎಷ್ಟು ಜನ? ವಿಜ್ಞಾನಿಗಳು ಆ ನುಸಿಯ ತವರಿಗೇ ಹೋಗಿ ಅದರ ಶತ್ರುಗಳನ್ನ ಹುಡುಕಿದ್ರು. ಬ್ರೆಜಿಲ್‌ನಿಂದ ತಂದ ಟೈಫ್ಲೊಡ್ರೊಮಾಲಸ್ ಅರಿಪೊ ಅನ್ನೋ ಬೇಟೆಗಾರ ನುಸಿಯನ್ನು 1993ರಲ್ಲಿ ಬೆನಿನ್ ದೇಶದಲ್ಲಿ ಬಿಟ್ಟರು. ಅದು ಹಗಲು ಗಿಡದ ಸುಳಿಯಲ್ಲಿ ಅಡಗಿಕೊಂಡು, ರಾತ್ರಿ ಎಲೆಗಳ ಮೇಲೆ ಬೇಟೆಗೆ ಬರುತ್ತೆ. ಒಂದು ಸಲ ನೆಲೆಯೂರಿದ ಮೇಲೆ ತಾನಾಗಿ ಹರಡ್ತು. ರೈತರು ಅದಕ್ಕೆ ಒಂದು ಪೈಸೆ ಕೊಡಲಿಲ್ಲ.

ನಮ್ಮ ಕೆಂಪು ನುಸಿ ಇದರ ಉಲ್ಟಾ ಪ್ರಯಾಣ ಮಾಡಿದೆ. 2004ರಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದಲ್ಲಿ ಸಿಕ್ತು, 2007ರಲ್ಲಿ ಫ್ಲೋರಿಡಾ ತಲುಪ್ತು. ಅಲ್ಲಿನ ತೆಂಗು, ಬಾಳೆಗಳ ಮೇಲೆ ಅದು ಎದ್ದ ರೀತಿ ನೋಡಿದ್ರೆ ಇಲ್ಲಿ ನಾವು ನೋಡೋದು ಏನೂ ಅಲ್ಲ. ಆಮೇಲೆ ಅಲ್ಲಿದ್ದ ಲಾರ್ಗೊಯೆನ್ಸಿಸ್ ಬೇಟೆಗಾರ ಈ ಹೊಸ ಊಟಕ್ಕೆ ಒಗ್ಗಿಕೊಂಡು ಸಂಖ್ಯೆ ಹೆಚ್ಚಿಸಿಕೊಂಡಿತು. ಇಲ್ಲಿ ನೂರು ವರ್ಷದಿಂದ ಹೆಸರಿರೋ ನುಸಿ ಹೊಸ ಜಾಗದಲ್ಲಿ ಯಾಕೆ ಅಷ್ಟು ರಂಪ ಮಾಡ್ತು? ನಮಗೆ ಅನ್ನಿಸೋ ಒಂದು ದೊಡ್ಡ ಕಾರಣ: ಇಲ್ಲಿ ಪ್ರತಿ ಸೋಗೆಯ ಅಡಿಯಲ್ಲೂ ಸಂಬಳ ಇಲ್ಲದ ಕಾವಲುಗಾರರು ಇದ್ದಾರೆ. ಅವರನ್ನ ನಾವು ಯಾವತ್ತೂ ನೋಡಿಲ್ಲ ಅಷ್ಟೆ.

ದೊಡ್ಡಪ್ಪನಿಗೆ ಇದರಲ್ಲಿ ಒಂದು ಹಳೇ ನೆನಪು ಕೂಡ ಸೇರ್ಕೊಂಡ್ತು. ತೆಂಗಿನ ಕಾಯಿಯೆಲ್ಲಾ ಸಣ್ಣದಾಗಿ, ಮೇಲೆ ಕಂದು ಕಲೆ ಬಿದ್ದು ಒಡೆದ ಹಾಗಾಗ್ತಿದ್ದ ಆ “ನುಸಿ ರೋಗ”ದ ಕಾಲ. ಆ ನುಸಿ ಬೇರೆ, ಹುಳದ ಆಕಾರ, ನಾಲ್ಕೇ ಕಾಲು. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಕೆಲವೇ ವರ್ಷದಲ್ಲಿ ಕರ್ನಾಟಕದ ತೆಂಗಿನ ಸೀಮೆಗೆಲ್ಲಾ ಬಂತು. ಅದು ಕಾಯಿಯ ತೊಟ್ಟಿನ ಟೋಪಿ ಒಳಗೆ ಬದುಕೋದರಿಂದ ಔಷಧಿ ಅಲ್ಲಿಗೆ ಹೋಗೋದೇ ಕಷ್ಟ. ಆದ್ರೆ ನಿಯೋಸಿಯುಲಸ್ ಬರಾಕಿ ಅನ್ನೋ ಬೇಟೆಗಾರ ನುಸಿ ಹೋಗುತ್ತೆ, ಅದರ ಮೈ ಚಪ್ಪಟೆ, ಉದ್ದ. ಈ ಹುಳದಾಕಾರದ ನುಸಿಗಳ ಬಗ್ಗೆ ಜಿ. ಪಿ. ಚನ್ನಬಸವಣ್ಣ ಅವರ ಗ್ರಂಥ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ 1966ರಲ್ಲೇ ಬಂದಿತ್ತು. ತೆಂಗಿನ ನುಸಿ ಭಾರತಕ್ಕೆ ಬರೋಕೆ 32 ವರ್ಷ ಮೊದಲು! ಜಿಕೆವಿಕೆ ಇವತ್ತಿಗೂ ದೇಶದ ನುಸಿ ಸಂಶೋಧನೆಯ ಕೇಂದ್ರ. ಬೆಂಗಳೂರಿನಲ್ಲಿ ಓದೋ ನಾವು ಹೆಬ್ಬಾಳ ಫ್ಲೈಓವರ್ ದಾಟಿ ಎಷ್ಟೋ ಸಲ ಅದರ ಮುಂದೆಯೇ ಹೋಗಿದೀವಿ, ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ.

ದೊಡ್ಡಪ್ಪ ಕೇಳಿದ ಲೆಕ್ಕ

ಈಗ ಮೂಲ ಪ್ರಶ್ನೆ: ಹೊಡೆದಷ್ಟೂ ಯಾಕೆ ಜಾಸ್ತಿ ಆಗುತ್ತೆ?

ಮೊದಲು ಮೂರನೇ ಕ್ಲಾಸಿನ ಗಣಿತ. ಒಂದು ಗಿಡದಲ್ಲಿ 1000 ಪೀಡೆ, 50 ಬೇಟೆಗಾರ ಇವೆ ಅಂತ ಇಟ್ಕೊಳ್ಳಿ. ಒಬ್ಬ ಬೇಟೆಗಾರನ ಪಾಲಿಗೆ 20 ಪೀಡೆ. ಈಗ ಹೊಡೆದ ಔಷಧಿ ಪೀಡೆಯಲ್ಲಿ ಅರ್ಧ ಕೊಲ್ತು, ಬೇಟೆಗಾರರಲ್ಲಿ ನೂರಕ್ಕೆ 90 ಕೊಲ್ತು. ಉಳಿದದ್ದು 500 ಪೀಡೆ, 5 ಬೇಟೆಗಾರ. ಒಬ್ಬನ ಪಾಲಿಗೆ 100. ಮರುದಿನ ತೋಟ ನೋಡಿದವರಿಗೆ “ಅರ್ಧ ಕಡಿಮೆ ಆಯ್ತು” ಅನ್ನಿಸುತ್ತೆ. ಮೂರು ವಾರ ಬಿಟ್ಟು ನೋಡಿದ್ರೆ ಮೊದಲಿಗಿಂತ ಹೆಚ್ಚು. ಈ ಸಂಖ್ಯೆಗಳು ನಾವು ಊಹಿಸಿದ್ದು, ಆದ್ರೆ ದಿಕ್ಕು ಊಹೆಯಲ್ಲ. ಪೈರೆಥ್ರಾಯ್ಡ್‌ಗಳು ಬೇಟೆಗಾರ ನುಸಿಗಳಿಗೆ ಪೀಡೆ ನುಸಿಗಿಂತ ಹೆಚ್ಚು ಮಾರಕ ಅನ್ನೋದು ಎಷ್ಟೋ ಬೆಳೆಗಳಲ್ಲಿ ಕಂಡಿದೆ. ಎರಡನೇ ಮಹಾಯುದ್ಧ ಆದ ಮೇಲೆ ಸೇಬಿನ ತೋಟಗಳಿಗೆ ಡಿಡಿಟಿ ಹೊಡೆಯೋಕೆ ಶುರು ಮಾಡಿದಾಗ, ಅಲ್ಲಿವರೆಗೆ ಸಣ್ಣಪುಟ್ಟದಾಗಿದ್ದ ಕೆಂಪು ನುಸಿ ಅಲ್ಲಿ ದೊಡ್ಡ ಪೀಡೆ ಆಗಿದ್ದೂ ಹೀಗೇ.

ಈಗ ನಮ್ಮ ಎಂ-ತ್ರೀ, ಎಂ-ಫೋರ್ ಓದಿದವರಿಗೆ. ಲೋಟ್ಕಾ-ವೋಲ್ಟೆರಾ ಸಮೀಕರಣ ಅಂತ ಒಂದು ಜೋಡಿ ಇದೆ. ಮಾತಲ್ಲಿ ಹೇಳೋದಾದ್ರೆ: ಪೀಡೆ ಹೆಚ್ಚೋ ವೇಗ ಅಂದ್ರೆ ಅದರ ಹುಟ್ಟುವಳಿಯಲ್ಲಿ ಬೇಟೆಗಾರನ ಬಾಯಿಗೆ ಬಿದ್ದದ್ದನ್ನು ಕಳೆದದ್ದು. ಬೇಟೆಗಾರ ಹೆಚ್ಚೋ ವೇಗ ಅಂದ್ರೆ ತಿಂದದ್ದರಿಂದ ಹುಟ್ಟಿದ ಮರಿಗಳಲ್ಲಿ ಸತ್ತದ್ದನ್ನು ಕಳೆದದ್ದು. ಎರಡನೇ ಸಮೀಕರಣವನ್ನು ಸೊನ್ನೆಗೆ ಸಮ ಮಾಡಿ. ಬೇಟೆಗಾರನ ಸಂಖ್ಯೆ ಎರಡೂ ಕಡೆ ಹೊಡೆದು ಹೋಗುತ್ತೆ. ಉಳಿಯೋದು: ಸಮತೋಲನದಲ್ಲಿ ಪೀಡೆ ಎಷ್ಟಿರುತ್ತೆ ಅನ್ನೋದು ಬೇಟೆಗಾರನ ಸಾವಿನ ದರವನ್ನ ಅವನ ಬೇಟೆಯ ಸಾಮರ್ಥ್ಯದಿಂದ ಭಾಗಿಸಿದಷ್ಟು. ಇನ್ನೊಂದು ಸಲ ಓದಿ. ಪೀಡೆಯ ಸಂಖ್ಯೆಯನ್ನ ತೀರ್ಮಾನ ಮಾಡೋದು ಪೀಡೆಯ ಹುಟ್ಟುವಳಿ ಅಲ್ಲ, ಬೇಟೆಗಾರನ ಸಾವು! ಎರಡನ್ನೂ ಸಮನಾಗಿ ಕೊಲ್ಲೋ ಔಷಧಿಯನ್ನ ಬಿಡದೆ ಹೊಡೆದ್ರೂ ಅಂಶದಲ್ಲಿರೋ ಸಾವಿನ ದರ ಏರುತ್ತೆ, ಸರಾಸರಿ ಪೀಡೆ ಏರುತ್ತೆ, ಬೇಟೆಗಾರ ಇಳೀತಾನೆ. ಇದನ್ನ ವೋಲ್ಟೆರಾ 1926ರಲ್ಲಿ ಕಂಡುಕೊಂಡದ್ದು ಮೀನಿನ ಲೆಕ್ಕ ಹಾಕ್ತಾ. ಮೊದಲನೇ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆ ಆದಾಗ, ಬೇರೆ ಮೀನು ತಿನ್ನೋ ಶಾರ್ಕ್ ಜಾತಿಯ ಮೀನುಗಳ ಪಾಲು ಯಾಕೆ ಹೆಚ್ಚಾಯ್ತು ಅಂತ ಅವನ ಅಳಿಯನಾಗಲಿದ್ದ ಡಿ’ಅಂಕೋನಾ ಕೇಳಿದ್ದ. ಬಲೆಯ ಬದಲು ಪಂಪ್ ಹಾಕಿ, ಸಮುದ್ರದ ಬದಲು ಅಡಿಕೆ ತೋಟ ಹಾಕಿ.

ನಾವು ಪೈಥಾನ್‌ನಲ್ಲಿ ಇದನ್ನ ಓಡಿಸಿದ್ವಿ. 21ನೇ ದಿನ, 42ನೇ ದಿನ, 63ನೇ ದಿನ “ಔಷಧಿ” ಹೊಡೆದ್ವಿ. ಗ್ರಾಫ್ ದೊಡ್ಡಪ್ಪ ಹೇಳಿದ ಮಾತನ್ನೇ ಬರೆದು ತೋರಿಸ್ತು, ಪ್ರತಿ ಸಲ ಒಂದು ಗುಂಡಿ, ಆಮೇಲೆ ಮೊದಲಿಗಿಂತ ಎತ್ತರದ ಗುಡ್ಡ. ಮೊದಲು ಆಯ್ಲರ್ ವಿಧಾನ ಹಾಕಿ ಗ್ರಾಫ್ ತಾನಾಗೇ ಹಿಗ್ಗಿ ಹೋಗಿತ್ತು, ಅದು ನುಸಿಯ ತಪ್ಪಲ್ಲ ನಮ್ಮ ಸ್ಟೆಪ್ ಸೈಜಿನ ತಪ್ಪು ಅಂತ ಗೊತ್ತಾಗೋಕೆ ಒಂದು ರಾತ್ರಿ ಹೋಯ್ತು. ರುಂಗೆ-ಕುಟ್ಟಾ ಹಾಕಿದ ಮೇಲೆ ಸರಿ ಹೋಯ್ತು.

ಮಾಡೆಲ್ ಮಾಡೆಲ್ಲೇ. ನಿಜವಾದ ತೋಟ ಒಂದು ದೊಡ್ಡ ಬೋಗುಣಿ ಅಲ್ಲ. ಇದನ್ನ ಚೆನ್ನಾಗಿ ತೋರಿಸಿದವನು ಕ್ಯಾಲಿಫೋರ್ನಿಯಾದ ಹಫೇಕರ್, 1958ರಲ್ಲಿ. ಅವನು ಟ್ರೇಗಳಲ್ಲಿ ಕಿತ್ತಳೆ ಹಣ್ಣು, ನಡುವೆ ರಬ್ಬರ್ ಚೆಂಡು ಇಟ್ಟು, ಕಿತ್ತಳೆ ತಿನ್ನೋ ನುಸಿ ಮತ್ತು ಅದನ್ನ ತಿನ್ನೋ ನುಸಿ ಎರಡನ್ನೂ ಬಿಟ್ಟ. ಹಣ್ಣುಗಳು ಹತ್ತಿರ ಹತ್ತಿರ ಇದ್ದಾಗ ಬೇಟೆಗಾರ ಎಲ್ಲಾ ತಿಂದು ಮುಗಿಸಿ ತಾನೂ ಸತ್ತ. ಆಮೇಲೆ ಅವನು ನೂರಕ್ಕೂ ಹೆಚ್ಚು ಹಣ್ಣು ಇಟ್ಟು, ದಾರಿಯಲ್ಲಿ ವ್ಯಾಸಲೀನ್ ಗೋಡೆ ಕಟ್ಟಿ, ಪೀಡೆ ನುಸಿ ಮಾತ್ರ ನೂಲು ಬಿಟ್ಟು ಹಾರೋಕೆ ಅಂತ ಸಣ್ಣ ಕಡ್ಡಿಗಳನ್ನ ನೆಟ್ಟು, ಫ್ಯಾನ್ ಹಾಕಿದ. ಆಗ ಎರಡೂ ಏರಿಳಿಯುತ್ತಾ ತಿಂಗಳುಗಟ್ಟಲೆ ಉಳಿದವು. ಅಡಗೋ ಜಾಗ, ಅಡ್ಡಿ ಆತಂಕ, ಬೇರೆ ಬೇರೆ ಥರದ ಮೂಲೆಗಳು ಇದ್ರೇ ಆಟ ಮುಂದುವರಿಯೋದು. ಬಾಳೆ, ಬದುವಿನ ಕಳೆ, ನೆಲದ ಮೇಲೆ ಬಿದ್ದ ಸೋಗೆ, ಇವೆಲ್ಲ ತೋಟದ ವ್ಯಾಸಲೀನ್ ಮತ್ತು ಕಡ್ಡಿಗಳು ಅಂತ ನಾವು ಅರ್ಥ ಮಾಡ್ಕೊಂಡ್ವಿ. ದೊಡ್ಡಪ್ಪನಿಗೆ ಕಿತ್ತಳೆ ಕಥೆ ಹೇಳಿದಾಗ “ಅಷ್ಟೊಂದು ಹಣ್ಣು ತಿನ್ನದೇ ಇಟ್ಟಿದ್ನಾ?” ಅಂತ ಕೇಳಿದ್ರು.

ಅರ್ಧ ತೋಟ

ಇಷ್ಟೆಲ್ಲಾ ಓದಿ ಕೊನೆಗೆ ಅವರಿಗೆ ನಾವು ಹೇಳಿದ್ದು ತುಂಬಾ ಸಣ್ಣದು. ಇರೋ ಬೇಟೆಗಾರರನ್ನ ಮೊದಲು ಸಾಯಿಸಬೇಡಿ. ಆ ಬಾಟಲಿ ತೆರೀಬೇಡಿ. ಪೂರ್ತಿ ಒಣಗಿದ ಕೆಳಗಿನ ಸೋಗೆ ಕತ್ತರಿಸಿ ತೆಗೀರಿ. ಬೋರ್‌ವೆಲ್ ಪೈಪಿಗೆ ನಳಿಕೆ ಹಾಕಿ ವಾರಕ್ಕೆರಡು ಸಲ ಸೋಗೆ ಅಡಿಗೆ ಜೋರಾಗಿ ನೀರು ಹೊಡೀರಿ, ಪೀಡೆ ಉದುರುತ್ತೆ, ತೇವ ಹೆಚ್ಚುತ್ತೆ. ಬುಡಕ್ಕೆ ಸೋಗೆ, ಬಾಳೆ ಎಲೆ ಹೊದಿಸಿ, ನೆಲ ಕನ್ನಡಿ ಥರ ಕೆರೀಬೇಡಿ. ಹೊಡೆಯಲೇಬೇಕು ಅಂದ್ರೆ ಕೀಟನಾಶಕ ಅಲ್ಲ, ನುಸಿನಾಶಕ, ಅದೂ ಜೋರಾಗಿರೋ ಗಿಡಗಳಿಗೆ ಮಾತ್ರ, ಎಲೆಯ ಅಡಿಗೆ. ಹಳೇ ಕಾಲದಲ್ಲಿ ಎಲ್ಲರೂ ಹೇಳ್ತಿದ್ದ ಡೈಕೋಫಾಲ್ ಕೇಳಬೇಡಿ, ಕೇಂದ್ರ ಸರ್ಕಾರ 2023ರಲ್ಲಿ ಅದನ್ನ ನಿಷೇಧಿಸಿದೆ. ಹೊಡೆಯೋ ಮೊದಲು ಒಂದು ಎಲೆ ಕವರ್‌ಗೆ ಹಾಕ್ಕೊಂಡು ಇದೇ ತಾಲ್ಲೂಕಿನ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ತೋರಿಸಿ.

ಅವರು ಪೂರ್ತಿ ಒಪ್ಪಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗರ ಮಾತು ಕೇಳಿ ಮೂರು ವರ್ಷದ ಗಿಡ ಪಣಕ್ಕಿಡೋಕೆ ಯಾರು ಒಪ್ತಾರೆ? “ಅರ್ಧ ನಿಮ್ಮ ಲೆಕ್ಕ, ಅರ್ಧ ನಂದು” ಅಂದ್ರು. ಮನೆ ಕಡೆಯ ಅರ್ಧಕ್ಕೆ ನೀರು ಮಾತ್ರ. ರಸ್ತೆ ಕಡೆಯ ಅರ್ಧಕ್ಕೆ ಒಂದು ನುಸಿನಾಶಕ, ಒಂದೇ ಸಲ. ನಮಗಂತೂ ಖುಷಿ, ಕಂಟ್ರೋಲ್ ಗ್ರೂಪ್ ಸಿಕ್ಕಿತಲ್ಲ ಅಂತ. ಅವರಿಗೆ ಅದು ಪ್ರಯೋಗ ಅಲ್ಲ, ತೋಟ. ಆ ವ್ಯತ್ಯಾಸ ನಮಗೆ ಸ್ವಲ್ಪ ತಡವಾಗಿ ಗೊತ್ತಾಯ್ತು.

ವಾಪಸ್ ಬಂದ ಮೇಲೆ ಪ್ರತಿ ಭಾನುವಾರ ನಮ್ಮ ಗೆಳೆಯನ ತಂಗಿ ಎರಡೂ ಕಡೆಯಿಂದ ಹತ್ತತ್ತು ಎಲೆ ಕಿತ್ತು, ನಾವು ಬಿಟ್ಟು ಬಂದ ಲೆನ್ಸ್‌ನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡ್ತಿದ್ಲು. ನಾವು ಹಾಸ್ಟೆಲ್‌ನಲ್ಲಿ ಕೂತು ಎಣಿಸ್ತಿದ್ವಿ. ಔಷಧಿ ಹೊಡೆದ ಕಡೆ ಮೊದಲ ವಾರ ಕೆಂಪು ಚುಕ್ಕಿ ಹೆಚ್ಚುಕಮ್ಮಿ ಮಾಯ, ಮೂರನೇ ವಾರ ಮತ್ತೆ ಕಾಣಿಸಿಕೊಳ್ಳೋಕೆ ಶುರು. ನೀರು ಹೊಡೆದ ಕಡೆ ಮೊದಲ ಎರಡು ವಾರ ಏನೂ ಬದಲಾವಣೆ ಇಲ್ಲ, ದೊಡ್ಡಪ್ಪ ದಿನಾ ಬೈತಿದ್ರಂತೆ. ಮೂರನೇ ವಾರದಿಂದ ಓಡೋ ನುಸಿ ಫೋಟೋದಲ್ಲಿ ಬರೋಕೆ ಶುರುವಾಯ್ತು (ಓಡೋದರಿಂದ ಬರೀ ಮಸುಕು ಗೆರೆ), ಒಂದೆರಡು ಕಪ್ಪು ಗುಲಗಂಜಿ ಹುಳುವೂ ಸಿಕ್ತು. ಕೆಂಪು ಚುಕ್ಕಿ ಕಡಿಮೆ ಆಗ್ತಾ ಬಂತು. ನಾವು ಇನ್ನೆರಡು ವಾರದ ಲೆಕ್ಕ ಸಿಕ್ಕರೆ ಗ್ರಾಫ್ ಹಾಕಬಹುದು ಅಂತ ಕಾಯ್ತಿದ್ವಿ.

ಮೇ ತಿಂಗಳ ನಡುವೆ ಎರಡು ಸಂಜೆ ಒಂದೇ ಸಮ ಮಳೆ ಹೊಡೀತು. ಎರಡೂ ಕಡೆ ನುಸಿ ತೊಳೆದು ಹೋಯ್ತು. ನಮ್ಮ ಗ್ರಾಫ್ ಅಲ್ಲಿಗೇ ನಿಂತಿದೆ.

“ಮಾರ್ಕ್ಸು ಮಳೆಗೆ ಕೊಡ್ಬೇಕೋ ನಿಮ್ಮ ನುಸಿಗೋ?” ಅಂತ ದೊಡ್ಡಪ್ಪ ಫೋನಲ್ಲಿ ನಗ್ತಾ ಕೇಳಿದ್ರು. ನಮ್ಮ ಹತ್ರ ಉತ್ತರ ಇರಲಿಲ್ಲ. ನಾಲ್ಕನೇ ಸಲಕ್ಕೆ ತಂದ ಬಾಟಲಿ ಇನ್ನೂ ಪಂಪ್‌ಹೌಸಿನ ಕಿಟಕಿಯಲ್ಲೇ ಇದೆಯಂತೆ, ಸೀಲ್ ಒಡೆದಿಲ್ಲ. ಮುಂದಿನ ಫೆಬ್ರವರಿಗೆ, ಬಿಸಿಲು ಏರೋಕೆ ಮೊದಲೇ ಬನ್ನಿ, ಈ ಸಲ ಮೊದಲಿಂದ ಎಣಿಸೋಣ ಅಂದಿದ್ದಾರೆ. ಲೆನ್ಸ್ ಅಲ್ಲೇ ಇದೆ. ಎಲೆಕ್ಟ್ರಾನಿಕ್ಸ್ ಗೆಳೆಯ ಈಗ ಸೋಲ್ಡರಿಂಗ್ ನೋಡೋಕೆ ನಮ್ಮ ಕನ್ನಡಕ ಕೇಳ್ತಿದ್ದಾನೆ.